ಶಫಲ್ 110 ಬಿಪಿಎಂ ದಾಟಿದರೆ ಸಾದಾ ಬೀಟ್ ಆಗಿಬಿಡುತ್ತದೆ: ಬ್ಲೂಸ್ ಡ್ರಮ್ಸ್ ಬಲ್ಲವರು ಹೇಳಿ

ಹೊಸಕೋಲು

ನಮಸ್ಕಾರ. ಡ್ರಮ್ಸ್ ಕಲಿಯುತ್ತಿದ್ದೇನೆ. ರಾಕ್‌ನ ಸಾದಾ ಬೀಟ್ ಕೈಗೆ ಕೂತಿದೆ. ಈಗ ಗಿಟಾರ್ ನುಡಿಸುವ ಗೆಳೆಯನ ಜೊತೆ 12 ಬಾರ್ ಬ್ಲೂಸ್ (ನಾಲ್ಕು ಬೀಟ್‌ನ 12 ಬಾರ್ ಸೇರಿ ಒಂದು ಸುತ್ತು) ಶುರು ಮಾಡಿದ್ದೇನೆ. 80 ಬಿಪಿಎಂನಲ್ಲಿ (ನಿಮಿಷಕ್ಕೆ 80 ಬೀಟ್) ಶಫಲ್, ಅಂದರೆ ಉದ್ದ-ಗಿಡ್ಡ ಪೆಟ್ಟಿನ ಕುಣಿಯುವ ಲಯ, ಬರುತ್ತದೆ. 110 ದಾಟಿದ ಕೂಡಲೇ ರೈಡ್ (ತಾಳ ಹಿಡಿಯುವ ದೊಡ್ಡ ಸಿಂಬಲ್) ಮೇಲಿನ ಕೈ ಬಿಗಿಯಾಗುತ್ತದೆ, ಶಫಲ್ ಮಾಯ.

ಇನ್ನೊಂದು ತೊಂದರೆ. ನಾನು ಸುತ್ತಿನ ಕೊನೆಯ ಫಿಲ್ (ಸಣ್ಣ ಅಲಂಕಾರದ ಪೆಟ್ಟುಗಳು) ಹಾಕಿ ಮುಂದಿನ ಸುತ್ತಿನ ಮೊದಲಿಗೆ ಬಂದಿರುತ್ತೇನೆ, ಅವನು ಇನ್ನೂ 11ನೇ ಬಾರ್‌ನಲ್ಲಿರುತ್ತಾನೆ. ಕಿಕ್ (ಕಾಲಿನ ದೊಡ್ಡ ಡ್ರಮ್) 1 ಮತ್ತು 3ನೇ ಬೀಟ್‌ಗೆ, ಸ್ನೇರ್ (ಮುಂದಿರುವ ಚಿಕ್ಕ ಡ್ರಮ್) 2 ಮತ್ತು 4ಕ್ಕೆ ಹೊಡೆಯುತ್ತೇನೆ. ಮೆಟ್ರೊನೋಮ್ ಫೋನಿನದು, ನಾಲ್ಕೂ ಬೀಟ್‌ಗೆ ಇಟ್ಟಿದ್ದೇನೆ. ಎಲ್ಲಿ ಸರಿ ಮಾಡಬೇಕು?

ಹಳೇಸ್ನೇರ್

ಮೊದಲು ಒಂದು ಪರೀಕ್ಷೆ. 80ರಲ್ಲಿ ಬಾರಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಅದನ್ನು ಕೇಳುತ್ತಾ ಬಾಯಲ್ಲಿ ಪ್ರತಿ ಬೀಟ್‌ಗೂ ಮೂರು ಎಣಿಸಿ. ನಿಮ್ಮ ಎರಡನೇ ಪೆಟ್ಟು ಸರಿಯಾಗಿ ಮೂರನೆಯದರ ಮೇಲೆ ಬೀಳುತ್ತಿದೆಯಾ?

ಶಫಲ್ ಅಂದರೆ ಅಷ್ಟೇ. ಬೀಟ್ ಮೂರು ಪಾಲು, ಮೊದಲನೆಯದು ಮತ್ತು ಮೂರನೆಯದು ಹೊಡೆಯುತ್ತೀರಿ, ನಡುವಿನದು ಖಾಲಿ. ಹೊಸಬರು ನಿಧಾನದಲ್ಲಿ ಎರಡನೇ ಪೆಟ್ಟನ್ನು ತುಂಬಾ ತಡವಾಗಿ, ಮುಂದಿನ ಬೀಟ್‌ಗೆ ಅಂಟಿಸಿ ಹೊಡೆಯುತ್ತಾರೆ. ಆಗ ಅದು ಪೊಲೀಸ್ ಬ್ಯಾಂಡಿನ ಕವಾಯತಿನ ಹಾಗೆ ಕೇಳುತ್ತದೆ. ವೇಗದಲ್ಲಿ ಅದೇ ಪೆಟ್ಟು ಬೇಗ ಬಿದ್ದು ಸಾದಾ ಆಗುತ್ತದೆ. ಎರಡಕ್ಕೂ ಮದ್ದು ಬೇರೆ. 80ರಲ್ಲೇ ತಪ್ಪಿದ್ದರೆ ಕಿವಿಯ ಕೆಲಸ ಬಾಕಿ ಇದೆ. 80ರಲ್ಲಿ ಸರಿಯಿದ್ದು 110ರಲ್ಲಿ ಕೆಟ್ಟರೆ ಕಿವಿ ಸರಿಯಿದೆ, ತೊಂದರೆ ಕೈಯಲ್ಲಿ.

ಹೊಸಕೋಲು

ಕೇಳಿ ನೋಡಿದೆ ಸರ್. 80ರಲ್ಲಿ ಮೂರನೆಯದರ ಮೇಲೇ ಇದೆ. 110ರಲ್ಲಿ ಎರಡೂ ಪೆಟ್ಟು ಒಂದೇ ಅಂತರದಲ್ಲಿವೆ. ಸದ್ದೂ ಒಂದೇ ಸಮ, ಎರಡೂ ಜೋರು.

ಹಳೇಸ್ನೇರ್

"ಎರಡೂ ಜೋರು" ಅಂದಿರಲ್ಲ, ಸುಳಿವು ಅದರಲ್ಲೇ ಇದೆ. ನೀವು ಎರಡು ಪೆಟ್ಟಿಗೂ ಮುಂಗೈಯನ್ನು ಬೇರೆ ಬೇರೆಯಾಗಿ ಎತ್ತಿ ಇಳಿಸುತ್ತಿದ್ದೀರಿ. ನಿಧಾನದಲ್ಲಿ ನಡೆಯುತ್ತದೆ. ವೇಗ ಹೆಚ್ಚಿದರೆ ಕೈಗೆ ಸಮಯ ಸಾಲದು. ಆಗ ಅದು ಸುಲಭದ ದಾರಿ ಹಿಡಿದು ಎರಡನ್ನೂ ಸಮ ಮಾಡಿಬಿಡುತ್ತದೆ.

ಬೀಟ್ ಮೇಲಿನ ದೊಡ್ಡ ಪೆಟ್ಟಿಗೆ ಕೈ ಕೆಳಗೆ ಬೀಳಲಿ, ಸ್ಟಿಕ್ ಸಿಂಬಲ್ ಹತ್ತಿರವೇ ನಿಲ್ಲಲಿ. ಚಿಕ್ಕ ಪೆಟ್ಟನ್ನು ಕೈ ಮೇಲೇಳುವಾಗ ಹೊಡೆಯಿರಿ. ಮಣಿಕಟ್ಟು ಮೇಲೆ ಹೋಗುತ್ತಿರುತ್ತದೆ, ಸ್ಟಿಕ್ ತುದಿ ಹೋಗುವ ದಾರಿಯಲ್ಲಿ ಸಿಂಬಲ್ ಮುಟ್ಟಿ ಹೋಗುತ್ತದೆ. ಕೆಳಗೆ ಒಂದು, ಮೇಲೆ ಒಂದು, ಕೈ ಚಲನೆ ಮಾತ್ರ ಒಂದೇ. ಚಿಕ್ಕದು ತಾನಾಗಿಯೇ ಮೆತ್ತಗಾಗುತ್ತದೆ. ಮೊದಲು ಅಭ್ಯಾಸದ ಪ್ಯಾಡ್ ಮೇಲೆ ಬಲಗೈ ಒಂದರಲ್ಲೇ ಮಾಡಿ. ಸ್ನೇರ್, ಕಿಕ್ ಸದ್ಯಕ್ಕೆ ಬೇಡ. ಸ್ಟಿಕ್ ಹಿಡಿತ ಸಡಿಲ ಇರಲಿ. ಹೆಬ್ಬೆರಳು ನೋಯುತ್ತಿದ್ದರೆ ಹಿಡಿತ ಬಿಗಿ ಎಂದರ್ಥ.

ಮೃದಂಗದ_ಕೈ

ನಾನು ಮೃದಂಗದಿಂದ ಡ್ರಮ್ಸ್‌ಗೆ ಬಂದವಳು. ನಮಗೆ ಇದು ತಿಸ್ರ ನಡೆ. ಬಾಯಲ್ಲಿ ತ-ಕಿ-ಟ ಹೇಳಿಕೊಂಡು "ಕಿ"ಯನ್ನು ನುಂಗಿ: ತ-ಟ, ತ-ಟ. ಆದರೆ ಒಂದು ಮಾತು, "ಟ"ವನ್ನು ಹಿಂದಿನ "ತ"ಗೆ ಸೇರಿಸಬೇಡಿ. ಮುಂದಿನದಕ್ಕೆ ಸೇರಿಸಿ: ಟ-ತ, ಟ-ತ. ಆ ಚಿಕ್ಕ ಪೆಟ್ಟು ಮುಂದಿನ ಬೀಟ್‌ಗೆ ಹಾರುವ ಹೆಜ್ಜೆ. ಮೇಲಿನವರು ಹೇಳಿದ "ಕೈ ಮೇಲೇಳುವಾಗ" ಅನ್ನುವುದೂ ಇದಕ್ಕೇ ಹೊಂದುತ್ತದೆ: ಕೈ ಏಳುವುದೇ ಮುಂದಿನ ದೊಡ್ಡ ಪೆಟ್ಟಿಗಾಗಿ ಅಲ್ವಾ. ನನಗೆ ಶಫಲ್ ಸಿಕ್ಕಿದ್ದು ಈ ಜೋಡಣೆ ಬದಲಾದ ಮೇಲೆ.

"ಕಿ" ಜಾಗ ಮರೆತುಹೋಗುತ್ತಿದ್ದರೆ ಅಲ್ಲಿ ಎಡಗೈಯಿಂದ ಸ್ನೇರ್ ಮೇಲೆ ಕೇಳಿಯೂ ಕೇಳದಷ್ಟು ಮೆತ್ತಗೆ ಮುಟ್ಟಿ. ಮೂರೂ ಪಾಲು ಕಿವಿಗೆ ಬೀಳುತ್ತದೆ. ಆಮೇಲೆ ತೆಗೆದುಬಿಡಿ.

ಬಾಸ್‌ತಂತಿ

ಮೆಟ್ರೊನೋಮ್ ವಿಷಯ ಯಾರೂ ಎತ್ತಲಿಲ್ಲ. ನಾಲ್ಕೂ ಬೀಟ್ ಅದೇ ಹೇಳಿಕೊಟ್ಟರೆ ನಿಮ್ಮೊಳಗೆ ತಾಳ ಕೂರುವುದು ಹೇಗೆ? 100ರಲ್ಲಿ ಬಾರಿಸಬೇಕಾದರೆ 50ಕ್ಕೆ ಇಡಿ. ಆ ಸದ್ದನ್ನು 2 ಮತ್ತು 4 ಎಂದು ಎಣಿಸಿ. ಮೊದಲು ತಲೆ ತಿರುಗುತ್ತದೆ, ಒಂದು ವಾರ ಸಹಿಸಿಕೊಳ್ಳಿ. ನಿಮ್ಮ ಸ್ನೇರ್ ಪೆಟ್ಟು ಕ್ಲಿಕ್ಕನ್ನು ಮುಚ್ಚಿಹಾಕಿದರೆ ಸರಿಯಾಗಿದ್ದೀರಿ.

ಇದಕ್ಕಿಂತ ದೊಡ್ಡ ಪಾಠ ಹಳೆಯ ರೆಕಾರ್ಡಿಂಗ್‌ಗಳಲ್ಲಿದೆ. 1950ರ ದಶಕದ ಷಿಕಾಗೋದ ಚೆಸ್ ರೆಕಾರ್ಡ್ ಕಂಪನಿಯವು ಹುಡುಕಿ. ಡ್ರಮ್ಮರ್ ಫ್ರೆಡ್ ಬಿಲೋ ಹಾರ್ಮೋನಿಕಾ ವಾದಕ ಲಿಟಲ್ ವಾಲ್ಟರ್‌ಗೆ ಬಾರಿಸಿದ್ದನ್ನು ಕೇಳಿ. ಮೂಲತಃ ಜಾಝ್ ಕಲಿತ ಕೈ, ಆದ್ದರಿಂದ ರೈಡ್ ಹಗುರ. ಸ್ಯಾಮ್ ಲೇ ಅವರ ಡಬಲ್ ಶಫಲ್ ಸಹ ಹೆಸರುವಾಸಿ. ಅದರಲ್ಲಿ ಎರಡೂ ಕೈ ಶಫಲ್ ಬಾರಿಸುತ್ತವೆ. ಅದಕ್ಕೆ ಈಗಲೇ ಕೈ ಹಾಕಬೇಡಿ, ಸುಮ್ನೆ ಕೇಳಿ.

ಹಳೇಸ್ನೇರ್

ಬಾಸ್‌ತಂತಿ ಅವರ 2-4 ಸಲಹೆ ಒಳ್ಳೆಯದು, ಆದರೆ ಕೈ ಚಲನೆ ಸರಿಯಾಗುವವರೆಗೆ ಕಾಯಿರಿ ಎನ್ನುತ್ತೇನೆ. ಒಂದೇ ಸಲ ಎರಡು ಹೊಸ ವಿಷಯ ಹಿಡಿದರೆ ಎರಡೂ ಅರೆಬರೆ. ಮತ್ತೆ, ವೇಗ ತುಂಬಾ ಜಾಸ್ತಿಯಾದಾಗ ದೊಡ್ಡ ಡ್ರಮ್ಮರ್‌ಗಳ ಶಫಲ್ ಕೂಡ ಸ್ವಲ್ಪ ಸಾದಾ ಕಡೆಗೆ ವಾಲುತ್ತದೆ. ಅದು ತಪ್ಪಲ್ಲ. 110ಕ್ಕೇ ವಾಲಬಾರದು, ಅಷ್ಟೇ.

ಬಾಸ್‌ತಂತಿ

ಒಪ್ಪಿದೆ. ಈಗ ಬಾರ್ ತಪ್ಪುವ ವಿಷಯ. ಬಾಸ್ ನುಡಿಸುವವನಾಗಿ ಹೇಳುತ್ತೇನೆ, ಪ್ರತಿ ಬಾರ್‌ನ ಮೊದಲ ಬೀಟ್‌ಗೆ ಬಾರ್ ಸಂಖ್ಯೆ ಹೇಳಿ: ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು, ಮೂರು-ಎರಡು-ಮೂರು-ನಾಲ್ಕು, ಹೀಗೆ 12ರವರೆಗೆ. ಜೊತೆಗೆ ಕಾರ್ಡ್ ಬದಲಾಗುವ ಜಾಗ ಕೇಳಿ. ಗೆಳೆಯ ಎ ಸ್ಕೇಲ್‌ನಲ್ಲಿದ್ದರೆ ನಾಲ್ಕು ಬಾರ್ ಎ, ಎರಡು ಬಾರ್ ಡಿ, ಎರಡು ಬಾರ್ ಎ, ಆಮೇಲೆ ಒಂದು ಇ, ಒಂದು ಡಿ. ಉಳಿದ ಎರಡು ಬಾರ್ ಸುತ್ತನ್ನು ಮತ್ತೆ ಮೊದಲಿಗೆ ತರುವ ಟರ್ನ್‌ಅರೌಂಡ್. 9ನೇ ಬಾರ್‌ನಲ್ಲಿ ಇ ಬಂದಾಗ ಬಿಗಿ ಹೆಚ್ಚುತ್ತದೆ, ಅದು ಕಿವಿಗೆ ಗೊತ್ತಾಗಲೇಬೇಕು. ಗೊತ್ತಾದರೆ ನೀವು ಕಳೆದುಹೋಗಿಲ್ಲ. ಕೆಲವರು ಎರಡನೇ ಬಾರ್‌ಗೇ ಡಿಗೆ ಹೋಗಿ ಬರುತ್ತಾರೆ. ಗೆಳೆಯ ಹಾಗೆ ಮಾಡುತ್ತಾನಾ ಎಂದು ಮೊದಲೇ ಕೇಳಿ.

ಫಿಲ್ 12ನೇ ಬಾರ್‌ನ ಕೊನೆಯ ಎರಡು ಬೀಟ್‌ನಲ್ಲಿ ಮಾತ್ರ. ಉಳಿದ ಕಡೆ ಹಾಕಬೇಕೆಂದು ಕೈ ತುರಿಸಿದರೂ ಬಿಡಿ. ಅಲ್ಲಿ ಹಾಡುವವರು, ಗಿಟಾರ್‌ನವರು ಮಾತಾಡುತ್ತಿರುತ್ತಾರೆ.

ಹೊಸಕೋಲು

ಎಲ್ಲರಿಗೂ ಥ್ಯಾಂಕ್ಸ್. ಮೇಲೆ-ಕೆಳಗೆ ಚಲನೆ ಹಿಡಿದ ಮೇಲೆ 115ರಲ್ಲಿ ಕೈ ನಿಲ್ಲುತ್ತಿದೆ. ಬಾರ್ ಎಣಿಕೆ ಬಾಯಲ್ಲಿ ಬರುತ್ತದೆ, ಫಿಲ್ ಬಂದಾಗ ಮಾತ್ರ ಬಾಯಿ ನಿಂತುಹೋಗುತ್ತದೆ. ಈಗ ಗೆಳೆಯನ ಹೊಸ ದೂರು: ಕಿಕ್ ಜೋರು, ಬಾಸ್ ಕೇಳಿಸುತ್ತಿಲ್ಲವಂತೆ.

ಹಳೇಸ್ನೇರ್

ಫಿಲ್ ಹಾಕುವಾಗ ಬಾಯಿ ನಿಲ್ಲುತ್ತದಾದರೆ ಸದ್ಯಕ್ಕೆ ಒಂದೇ ಬೀಟ್‌ನ ಫಿಲ್ ಹಾಕಿ, ಸ್ನೇರ್ ಮೇಲೆ ಮೂರು ಪೆಟ್ಟು, ತ-ಕಿ-ಟ. ಸಾಕು. ಕಿಕ್‌ಗೆ ಹಿಮ್ಮಡಿಯನ್ನು ಪೆಡಲ್ ಮೇಲೆ ಊರಿ, ಬೀಟರ್ (ಪೆಡಲ್‌ನ ಬಡಿಗೆ) ಅನ್ನು ಚರ್ಮಕ್ಕೆ ಒತ್ತಿ ಹಿಡಿಯಬೇಡಿ, ವಾಪಸ್ ಬರಲು ಬಿಡಿ. ಸದ್ದು ತಗ್ಗಿದ ಮೇಲೆ ನಾಲ್ಕೂ ಬೀಟ್‌ಗೆ ಮೆತ್ತಗೆ ಹಾಕಿ ನೋಡಿ, ಬಾಸ್ ನಡಿಗೆಯ ಜೊತೆ ಅದು ಚೆನ್ನಾಗಿ ಕೂರುತ್ತದೆ. ಹೈ-ಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ಸಿಂಬಲ್) ಕಾಲು 2 ಮತ್ತು 4ಕ್ಕೆ.