1,23,45,67,890ರ ಭಾಜಕಗಳ ಮೊತ್ತ ಮೈನಸ್‌ನಲ್ಲಿ ಬರುತ್ತಿದೆ

ಬೆಸಸಂಖ್ಯೆ:
ಈ ಸಂಖ್ಯೆಯ ಭಾಜಕಗಳನ್ನೆಲ್ಲ ಕೂಡಿಸಲು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಲೂಪ್ 1ರಿಂದ 35,136ರವರೆಗೆ (ವರ್ಗಮೂಲ ಅಲ್ಲಿಗೆ ನಿಲ್ಲುತ್ತದೆ). ಶೇಷ ಸೊನ್ನೆಯಾದರೆ ಭಾಜಕ, ಭಾಗಲಬ್ಧ ಎರಡೂ ಮೊತ್ತಕ್ಕೆ ಸೇರುತ್ತವೆ. ಉತ್ತರ −1,08,33,56,608. ಸಂಖ್ಯೆ ಇಂಟ್ (ಸಿಯಲ್ಲಿ ಪೂರ್ಣಾಂಕ ಇಡುವ ಮಾಮೂಲಿ ಬಗೆ) ಮಿತಿಯೊಳಗೇ ಇದೆಯಲ್ಲ, ಮತ್ತೇಕೆ ಹೀಗೆ? ಇನ್ನೊಂದು, 90ರಿಂದ ಭಾಗಿಸಿದರೆ 1,37,17,421 ಬರುತ್ತದೆ. 100ರೊಳಗಿನ ಯಾವ ಅವಿಭಾಜ್ಯದಿಂದಲೂ ಅದು ಭಾಗವಾಗುತ್ತಿಲ್ಲ. ಅದೇ ಅವಿಭಾಜ್ಯವೇ?

ಶೇಷ_ಶೂನ್ಯ:
ಸಂಖ್ಯೆ ಮಿತಿಯೊಳಗಿದೆ, ಮೊತ್ತ ಇಲ್ಲ. 32 ಬಿಟ್ ಇಂಟ್‌ನಲ್ಲಿ ಹಿಡಿಸುವುದು 2,14,74,83,647ರವರೆಗೆ ಮಾತ್ರ. ನಿಮ್ಮ ಲೂಪ್ ಮೂರನೇ ಸುತ್ತಿಗೇ ಅದನ್ನು ದಾಟುತ್ತದೆ: 1 ಮತ್ತು 2ರ ಜೋಡಿಗಳು ಸೇರಿ 1,85,18,51,838, ಅದಕ್ಕೆ 3 ಮತ್ತು 41,15,22,630 ಕೂಡಿದರೆ 2,26,33,74,471. ನಿಜವಾದ ಮೊತ್ತ 3,21,16,10,688. ಮಿತಿ ದಾಟಿದ ಮೊತ್ತ ಇಲ್ಲಿ ಸುತ್ತು ಹೊಡೆದು ಮೈನಸ್ ಕಡೆಗೆ ಬಂದಿದೆ: ಅದರಿಂದ 2³², ಅಂದರೆ 4,29,49,67,296 ಕಳೆದು ನೋಡಿ, ನಿಮಗೆ ಬಂದ ಮೈನಸ್ ಸಂಖ್ಯೆಯೇ ಸಿಗುತ್ತದೆ. ಮೊತ್ತದ ವೇರಿಯಬಲ್ಲನ್ನು ಲಾಂಗ್ ಲಾಂಗ್ (ಇನ್ನೂ ದೊಡ್ಡ ಪೂರ್ಣಾಂಕ ಹಿಡಿಸುವ ಬಗೆ) ಮಾಡಿ.

ಗುಣಾಕಾರ:
1,37,17,421 ಅವಿಭಾಜ್ಯ ಅಲ್ಲ. ಚಿಕ್ಕದರಿಂದ ಒಂದೊಂದಾಗಿ ಭಾಗಿಸುತ್ತಾ ಹೋದರೆ 500ಕ್ಕೂ ಹೆಚ್ಚು ಅವಿಭಾಜ್ಯಗಳನ್ನು ದಾಟಬೇಕು. ಫರ್ಮಾ ವಿಧಾನದಲ್ಲಿ (ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವುದು) ಎರಡೇ ಹೆಜ್ಜೆ. ವರ್ಗಮೂಲ 3703.7, ಹಾಗಾಗಿ 3704ರಿಂದ ಶುರು:

3704² − 1,37,17,421 = 2195. ವರ್ಗ ಅಲ್ಲ (46² = 2116, 47² = 2209).
3705² − 1,37,17,421 = 9604 = 98².

ವರ್ಗಗಳ ವ್ಯತ್ಯಾಸ ಸಿಕ್ಕಿತಲ್ಲ, ಇನ್ನು (3705 − 98)(3705 + 98) = 3607 × 3803. ಇವೆರಡೂ ಅವಿಭಾಜ್ಯಗಳೇ, 61ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಆದರೆ ಇದನ್ನೇ ಎಲ್ಲ ಕಡೆ ನೆಚ್ಚಿಕೊಳ್ಳಬೇಡಿ. ಅಪವರ್ತನಗಳು ಒಂದಕ್ಕೊಂದು ಹತ್ತಿರ ಇದ್ದುದರಿಂದ ಇಲ್ಲಿ ಬೇಗ ಸಿಕ್ಕಿತು. ಒಂದು ಚಿಕ್ಕದು, ಇನ್ನೊಂದು ಭಾರೀ ದೊಡ್ಡದು ಆಗಿದ್ದರೆ ಮಾಮೂಲಿ ಭಾಗಾಕಾರವೇ ವಾಸಿ.

ಬೆಸಸಂಖ್ಯೆ:
ಲಾಂಗ್ ಲಾಂಗ್ ಮಾಡಿದೆ. ಆದರೂ ಅದೇ ಮೈನಸ್!

ಶೇಷ_ಶೂನ್ಯ:
ಪ್ರಿಂಟ್ ಮಾಡುವ ಸಾಲಿನಲ್ಲಿ ಇನ್ನೂ ಪರ್ಸೆಂಟ್ ಡಿ (%d, ಇಂಟ್ ಅಚ್ಚಿಸುವ ಗುರುತು) ಇರಬೇಕು. ಅದು ಕೆಳಗಿನ 32 ಬಿಟ್ ಮಾತ್ರ ಓದಿ ಹಳೆಯ ಉತ್ತರವನ್ನೇ ತೋರಿಸುತ್ತದೆ. ಲಾಂಗ್ ಲಾಂಗ್‌ಗೆ ಪರ್ಸೆಂಟ್ ಎಲ್ ಎಲ್ ಡಿ (%lld) ಹಾಕಿ. ಕಂಪೈಲರ್ ವಾರ್ನಿಂಗ್ ಆನ್ ಇಟ್ಟಿದ್ದರೆ ಅದೇ ಹೇಳುತ್ತಿತ್ತು.

ಗುಣಾಕಾರ:
ಲೂಪ್ ಇಲ್ಲದೆ ತಾಳೆ ನೋಡಲು: ಸಂಖ್ಯೆ = 2 × 3² × 5 × 3607 × 3803. ಮೊತ್ತ = (1+2)(1+3+9)(1+5)(1+3607)(1+3803) = 3 × 13 × 6 × 3608 × 3804. ಭಾಜಕಗಳು ಒಟ್ಟು 2 × 3 × 2 × 2 × 2 = 48. ಈ ಸೂತ್ರವನ್ನೇ ಕೋಡ್ ಮಾಡುವುದಾದರೆ ಮೊದಲ ಅಂಕಿಯನ್ನೇ ಲಾಂಗ್ ಲಾಂಗ್ ಆಗಿ ಬರೆಯಿರಿ. ಎಡಗಡೆ ವೇರಿಯಬಲ್ ಎಷ್ಟು ದೊಡ್ಡದಿದ್ದರೂ ಬಲಗಡೆ ಎಲ್ಲವೂ ಇಂಟ್ ಆಗಿದ್ದರೆ ಗುಣಾಕಾರ ಇಂಟ್‌ನಲ್ಲೇ ನಡೆದು, ಕೆಟ್ಟ ಮೇಲೆ ಎಡಕ್ಕೆ ಹೋಗುತ್ತದೆ.