ಒಂದು ವಾರದ ನಾಯಕತ್ವ ಶಿಬಿರ: ಹೊರಡುವ ಮುನ್ನ ಮಕ್ಕಳಿಗೆ ಏನನ್ನು ಕಲಿಸಬೇಕು?

ಪ್ರಶ್ನೆ (ತಂಡದ ಮಾರ್ಗದರ್ಶಿ)

ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುತ್ತಿರುವ ತಂಡದಿಂದ 14ರಿಂದ 16 ವರ್ಷದೊಳಗಿನ 12 ಮಕ್ಕಳು ಇನ್ನು 6 ವಾರಗಳಲ್ಲಿ 7 ದಿನಗಳ ವಸತಿಸಹಿತ ನಾಯಕತ್ವ ತರಬೇತಿ ಶಿಬಿರಕ್ಕೆ ಹೊರಡಲಿದ್ದಾರೆ. ಶಿಬಿರ ನಡೆಸುವವರು ಬೇರೆಯವರು. ಮಕ್ಕಳನ್ನು ಅಣಿಗೊಳಿಸಿ ಕಳುಹಿಸುವುದಷ್ಟೇ ನನ್ನ ಕೆಲಸ. ಅಷ್ಟೇ ಎಂದು ಬರೆದೆನಾದರೂ, ಮೊನ್ನೆ ಪೋಷಕರ ಸಭೆ ಮುಗಿಸಿ ಬಂದಾಗಿನಿಂದ ಅದೇನೂ ಸಣ್ಣ ಕೆಲಸವಾಗಿ ತೋರುತ್ತಿಲ್ಲ.

ನನ್ನ ಚಿಂತೆಗಳು ಮೂರು. ಈ 12 ಜನರಲ್ಲಿ ಐವರು ಇದುವರೆಗೆ ಮನೆಯವರನ್ನು ಬಿಟ್ಟು ಒಂದು ರಾತ್ರಿಯೂ ಕಳೆದವರಲ್ಲ. ಶಿಬಿರದಲ್ಲಿ ಮೊಬೈಲನ್ನು ಮೊದಲ ದಿನವೇ ಸಂಯೋಜಕರ ಕೈಗೆ ಒಪ್ಪಿಸಬೇಕಂತೆ, ಮನೆಗೆ ಕರೆ ಮಾಡಲು ಒಂದೇ ಒಂದು ಸಲ ಅವಕಾಶವಂತೆ. ಇದನ್ನು ಕೇಳಿ ಮಕ್ಕಳಿಗಿಂತ ಹೆಚ್ಚಾಗಿ ಪೋಷಕರೇ ಗಾಬರಿಗೊಂಡಿದ್ದಾರೆ. ಮೂರನೆಯದು ನನಗೆ ನಿಜಕ್ಕೂ ಉತ್ತರ ಹೊಳೆಯದ ಪ್ರಶ್ನೆ. ತಂಡದಲ್ಲಿ ಬಹಳ ಮೌನಿಯಾದ ಹುಡುಗಿಯೊಬ್ಬಳಿದ್ದಾಳೆ. ಅವಳ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲಿ ಎಲ್ಲರೂ ವೇದಿಕೆ ಹತ್ತಿ ಪಟಪಟನೆ ಮಾತನಾಡುವಾಗ ಇವಳೊಬ್ಬಳೇ ಮೂಲೆಯಲ್ಲಿ ಕುಳಿತರೆ ಏನು ಮಾಡಲಿ? ಈ 6 ವಾರದಲ್ಲಿ ಭಾಷಣ ಮಾಡುವುದನ್ನು ಕಲಿಸಿಬಿಡಿ" ಎಂದರು. ಕಲಿಸಬೇಕೇ? ವಾರಕ್ಕೊಮ್ಮೆ 2 ಗಂಟೆ ನಾವು ಸೇರುತ್ತೇವೆ, ಎಂದರೆ ನನ್ನ ಕೈಯಲ್ಲಿರುವುದು ಒಟ್ಟು 12 ಗಂಟೆ. ಅದನ್ನು ಹೇಗೆ ಬಳಸಿದರೆ ಒಳ್ಳೆಯದೆಂದು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಶಿಬಿರಗಳ ಸಂಯೋಜಕಿ)

ತಮ್ಮ 12 ಗಂಟೆಗಳಲ್ಲಿ ನಾಯಕತ್ವದ ಪಾಠಕ್ಕೆಂದು ಒಂದು ಗಂಟೆಯನ್ನೂ ಎತ್ತಿಡಬೇಡಿ ಎಂಬುದು ನನ್ನ ಮೊದಲ ಸಲಹೆ. ಅದನ್ನು ಕಲಿಸಲೆಂದೇ ಶಿಬಿರವಿದೆ. ಆದರೆ ತನ್ನ ಚೀಲದಲ್ಲಿ ಏನಿದೆಯೆಂದು ತಿಳಿಯದ, ನಿದ್ದೆಗೆಟ್ಟ, ಮನೆಯ ನೆನಪಿನಲ್ಲಿ ಮುಳುಗಿದ ಮಗುವಿಗೆ ಅಲ್ಲಿ ಯಾವ ಪಾಠವೂ ತಲೆಗೆ ಹತ್ತುವುದಿಲ್ಲ. ಆದ್ದರಿಂದ ತನ್ನನ್ನು ತಾನು ನೋಡಿಕೊಳ್ಳುವುದನ್ನು ಕಲಿಸಿ ಕಳುಹಿಸಿದರೆ ತಮ್ಮ ಕೆಲಸದ ಮುಕ್ಕಾಲು ಭಾಗ ಮುಗಿದಂತೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಿಬಿರಕ್ಕೆ ಬಂದಿದ್ದ 15 ವರ್ಷದ ಹುಡುಗನೊಬ್ಬ 3 ದಿನ ಒಂದೇ ಅಂಗಿಯಲ್ಲಿ ಓಡಾಡಿದ. ಬೇರೆ ಬಟ್ಟೆ ಇಲ್ಲವೇನೋ ಎಂದು ಮರುಗಿ ನಾನೇ ಅವನ ಚೀಲ ತೆಗೆಸಿ ನೋಡಿದರೆ, ತಳದಲ್ಲಿ ಇಸ್ತ್ರಿ ಮಾಡಿ ಮಡಿಸಿಟ್ಟ ಆರು ಅಂಗಿಗಳು, ಒಂದೊಂದರ ಮೇಲೂ ಆಯಾ ದಿನದ ಹೆಸರು ಬರೆದ ಚೀಟಿ. ಚೀಲ ತುಂಬಿದವರು ಅವನ ತಾಯಿ. ಅವನಿಗೆ ಅದರೊಳಗೆ ಏನಿದೆಯೆಂದೇ ಗೊತ್ತಿರಲಿಲ್ಲ, ಕೇಳಲು ನಾಚಿಕೆ. ಅಂದಿನಿಂದ ಪೋಷಕರಿಗೆ ನಾನು ಹೇಳುವುದು ಒಂದೇ: ಪಟ್ಟಿಯನ್ನು ಮಗುವಿನ ಕೈಗೆ ಕೊಡಿ, ತುಂಬುವಾಗ ಪಕ್ಕದಲ್ಲಿ ಬೇಕಾದರೆ ಕುಳಿತಿರಿ, ಕೈ ಮಾತ್ರ ಹಾಕಬೇಡಿ. ತಮ್ಮ ವಾರದ ಭೇಟಿಗಳಲ್ಲಿ ಒಂದಕ್ಕೆ ಎಲ್ಲರೂ ತುಂಬಿದ ಚೀಲದೊಂದಿಗೆ ಬರಲಿ. ದೀಪ ಆರಿಸಿ, ಕತ್ತಲಲ್ಲಿ ಟಾರ್ಚನ್ನೂ ಒಂದು ಜೊತೆ ಕಾಲುಚೀಲವನ್ನೂ ಹುಡುಕಿ ತೆಗೆಯಲು ಹೇಳಿ. ನಗೆಯ ನಡುವೆಯೇ ಪಾಠವಾಗುತ್ತದೆ.

ಇನ್ನು ಮನೆಯ ನೆನಪಿನ ವಿಷಯ. ಮನೆ ಬಿಟ್ಟು ಹೋದ ಬಹುತೇಕ ಎಲ್ಲ ಮಕ್ಕಳಿಗೂ ಒಂದಿಷ್ಟಾದರೂ ಅದು ಕಾಡುತ್ತದೆ, 16 ವರ್ಷದವರಿಗೂ ಕಾಡುತ್ತದೆ. ದೊಡ್ಡ ಮಕ್ಕಳು ಅದನ್ನು ಹೊಟ್ಟೆನೋವು, ತಲೆನೋವು, ಸಿಡುಕು ಎಂಬ ಬೇರೆ ಹೆಸರುಗಳಲ್ಲಿ ಹೇಳಿಕೊಳ್ಳುತ್ತಾರೆ ಅಷ್ಟೆ. ನಾನು ಕಂಡಂತೆ ಮೊದಲ ಎರಡು ರಾತ್ರಿಗಳೇ ಭಾರ, ಅದರಲ್ಲೂ ದೀಪ ಆರಿದ ಮೇಲಿನ ಅರ್ಧ ಗಂಟೆ. ತಮ್ಮ ಆ ಐವರಿಗೆ ಮದ್ದೆಂದರೆ ಅಭ್ಯಾಸ. ಈ 6 ವಾರದೊಳಗೆ ಒಮ್ಮೆ ಒಂದು ರಾತ್ರಿ, ಮತ್ತೊಮ್ಮೆ ಎರಡು ರಾತ್ರಿ, ಬಂಧುಗಳ ಮನೆಯಲ್ಲೋ ಸ್ನೇಹಿತರ ಮನೆಯಲ್ಲೋ, ಮೊಬೈಲ್ ಇಲ್ಲದೆ ಮಲಗಿ ಬರಲಿ. ಮರಳಿದ ಮೇಲೆ "ಯಾವ ಹೊತ್ತು ಕಷ್ಟವೆನಿಸಿತು, ಆಗ ಏನು ಮಾಡಿದೆ?" ಎಂದು ಕೇಳಿ. ಅವರು ಕೊಡುವ ಉತ್ತರವೇ ಶಿಬಿರದಲ್ಲಿ ಅವರಿಗೆ ಉಪಾಯವಾಗಿ ಒದಗುತ್ತದೆ.

ಪೋಷಕರಿಗೆ ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ತಿಳಿಸಿ. "ಹಿಡಿಸದಿದ್ದರೆ ಫೋನ್ ಮಾಡು, ತಕ್ಷಣ ಬಂದು ಕರೆದುಕೊಂಡು ಹೋಗುತ್ತೇವೆ" ಎಂಬ ಭರವಸೆಯನ್ನು ಯಾರೂ ಕೊಡಕೂಡದು. ಪ್ರೀತಿಯಿಂದಲೇ ಕೊಡುತ್ತಾರೆ, ನಿಜ. ಆದರೆ ಮಗುವಿನ ಕಿವಿಗೆ ಅದು "ನಿನ್ನಿಂದ ಆಗದು ಎಂದು ನಮಗೆ ಗೊತ್ತು" ಎಂದೇ ಬೀಳುತ್ತದೆ, ಮತ್ತು ಮೊದಲ ಬೇಸರದ ಗಳಿಗೆಯಲ್ಲೇ ಅದು ತನ್ನ ಮನಸ್ಸನ್ನು ಶಿಬಿರದಿಂದ ತೆಗೆದು ಆ ಫೋನಿನ ಮೇಲಿಡುತ್ತದೆ. ಅದರ ಬದಲು "ನೆನಪಾಗುತ್ತದೆ, ಆಗಲಿ, ಆದಾಗ ಯಾರ ಹತ್ತಿರ ಹೋಗಿ ಹೇಳುತ್ತೀ?" ಎಂದು ಮೊದಲೇ ಮಾತನಾಡಿಟ್ಟುಕೊಳ್ಳುವುದು ಲೇಸು. ಎರಡು ಸಾಲಿನ ಕಾಗದವೊಂದನ್ನು ಬರೆದು ಚೀಲದಲ್ಲಿಟ್ಟು ಕಳುಹಿಸಬಹುದು. ಅದರಲ್ಲಿ "ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ" ಎಂದು ಮಾತ್ರ ಬರೆಯದಿರಲಿ!

ಉತ್ತರ 2 (ಶಿಬಿರಗಳಲ್ಲಿ ಆರೋಗ್ಯದ ಉಸ್ತುವಾರಿ ನೋಡಿಕೊಂಡ ದಾದಿ)

ಮೇಲಿನವರ ಮಾತಿಗೆ ನನ್ನ ಕಡೆಯಿಂದ ಕೆಲವನ್ನು ಸೇರಿಸುತ್ತೇನೆ.

ಶಿಬಿರದಲ್ಲಿ ನನ್ನ ಬಳಿ ಬರುವವರಲ್ಲಿ ಅರ್ಧದಷ್ಟು ಮಕ್ಕಳು ಕಾಲು ತೋರಿಸಿಕೊಂಡು ಬರುತ್ತಾರೆ. ಶಿಬಿರಕ್ಕೆಂದೇ ಹೊಸ ಶೂ ಕೊಡಿಸುತ್ತಾರೆ, ಅದು ಮೊದಲ ದಿನವೇ ಕಚ್ಚುತ್ತದೆ, ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಮೂರನೆಯ ದಿನದ ಚಾರಣದ ಹೊತ್ತಿಗೆ ಹುಡುಗ ಕುಂಟುತ್ತಿರುತ್ತಾನೆ. ಶೂ ಕೊಳ್ಳುವುದಾದರೆ ಈ ವಾರವೇ ಕೊಂಡು, ದಿನವೂ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಕೊಂಡು ನಡೆದು ಪಳಗಿಸಲಿ.

ನಿಯಮಿತವಾಗಿ ತೆಗೆದುಕೊಳ್ಳುವ ಔಷಧಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಂದಿಗೆ ಕಳುಹಿಸಬೇಕು. ಬಿಡಿ ಮಾತ್ರೆಗಳನ್ನು ಪುಟ್ಟ ಡಬ್ಬಿಯಲ್ಲಿ ಹಾಕಿಕೊಟ್ಟರೆ ಅದೇನೆಂದು ನಮಗೆ ತಿಳಿಯುವುದಿಲ್ಲ. ಆಸ್ತಮಾ ಇರುವ ಮಗು ತನ್ನ ಇನ್‌ಹೇಲರನ್ನು ಯಾರ ನೆರವೂ ಇಲ್ಲದೆ ಬಳಸುವುದನ್ನು ಒಮ್ಮೆ ತಾವೇ ಎದುರಿಗೆ ಕೂರಿಸಿಕೊಂಡು ನೋಡಿ. ಅಲರ್ಜಿ, ರಾತ್ರಿ ಹಾಸಿಗೆ ಒದ್ದೆಯಾಗುವುದು, ನಿದ್ದೆಯಲ್ಲಿ ನಡೆಯುವುದು ಇವುಗಳನ್ನು ಪೋಷಕರು ಸಂಕೋಚದಿಂದ ಅರ್ಜಿಯಲ್ಲಿ ಬರೆಯದೆ ಬಿಡುತ್ತಾರೆ. ಬರೆದರೆ ನಾವು ಗುಟ್ಟಾಗಿಯೇ ನಿಭಾಯಿಸುತ್ತೇವೆ, ಬರೆಯದಿದ್ದರೆ ಮಗು ಒಂಟಿಯಾಗಿ ಅದನ್ನು ಹೊರಬೇಕಾಗುತ್ತದೆ. ಹುಡುಗಿಯರೊಂದಿಗೆ ಮುಟ್ಟಿನ ಬಗ್ಗೆ ಮುಂಚಿತವಾಗಿ ಮಾತನಾಡಿ. ಜಾಗ ಬದಲಾದಾಗ, ಓಡಾಟ ಹೆಚ್ಚಾದಾಗ ದಿನ ಹಿಂದುಮುಂದಾಗುವುದುಂಟು. ಲೆಕ್ಕದ ಪ್ರಕಾರ ಆ ವಾರ ಇಲ್ಲದಿದ್ದರೂ ಪ್ಯಾಡುಗಳು ಚೀಲದಲ್ಲಿರಲಿ.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ತಜ್ಞರ ಶಿಫಾರಸು. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ನಡೆಯುವುದರಿಂದ ಬೇಗ ಮಲಗು ಎಂದರೆ ನಿದ್ದೆ ಬರುವುದಿಲ್ಲ. ಶಿಬಿರದ ದಿನಚರಿ ಬೆಳಿಗ್ಗೆ 6ಕ್ಕೆ ಆರಂಭವಾಗುವುದಿದ್ದರೆ, ಹೊರಡುವ ಹತ್ತು ದಿನ ಮೊದಲಿನಿಂದ ಏಳುವ ಹೊತ್ತನ್ನು ದಿನಕ್ಕೆ ಹದಿನೈದಿಪ್ಪತ್ತು ನಿಮಿಷ ಹಿಂದಕ್ಕೆ ತರುತ್ತಾ ಹೋಗುವುದು ಉಪಾಯ.

ಕೊನೆಯದಾಗಿ, ಕೇಳಲು ಅಹಿತವಾದರೂ ಬಿಡಬಾರದ ಮಾತು. ಶಿಬಿರದಲ್ಲಿ ದೊಡ್ಡವರಾಗಲಿ ಜೊತೆಯವರಾಗಲಿ ಮುಜುಗರವಾಗುವಂತೆ ನಡೆದುಕೊಂಡರೆ ಎದ್ದು ಹೊರಬರುವ, ಯಾರಾದರೊಬ್ಬರಿಗೆ ಹೇಳುವ, ಅವರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳುವ ಹಕ್ಕು ತಮಗಿದೆ ಎಂಬುದು 12 ಮಕ್ಕಳಿಗೂ ತಿಳಿದಿರಬೇಕು. ಇಂಥ ಸಂದರ್ಭದಲ್ಲಿ "ಕರೆಗೆ ಒಂದೇ ಅವಕಾಶ" ಎಂಬ ನಿಯಮ ಅನ್ವಯಿಸುವುದಿಲ್ಲವೆಂದು ಸಂಯೋಜಕರಿಂದ ಬರಹದಲ್ಲಿ ಪಡೆಯಿರಿ. ಒಬ್ಬ ಹಿರಿಯ ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿರಬಾರದು ಎಂಬ ನಿಯಮ ಅಲ್ಲಿದೆಯೇ ಎಂದೂ ಕೇಳಿ. ಒಳ್ಳೆಯ ಸಂಯೋಜಕರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಉತ್ತರ 3 (ಯುವ ತರಬೇತುದಾರ)

ಮೊದಲ ಉತ್ತರದ ಬಹುಪಾಲನ್ನು ಒಪ್ಪುತ್ತೇನೆ, ಆದರೆ ನಾಯಕತ್ವಕ್ಕೆ ಒಂದು ಗಂಟೆಯೂ ಬೇಡವೆಂಬುದನ್ನು ಒಪ್ಪಲಾರೆ. ಪಾಠ ಬೇಡ, ಅಭ್ಯಾಸ ಬೇಕು. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ, ಮುಂದೆ ಸ್ಕೌಟ್ ಚಳವಳಿಗೆ ನಾಂದಿಯಾದ ಶಿಬಿರವೂ ಹೆಚ್ಚುಕಡಿಮೆ ಒಂದು ವಾರದ್ದೇ. ಅಲ್ಲಿ ಆತ ಇಪ್ಪತ್ತರಷ್ಟಿದ್ದ ಹುಡುಗರನ್ನು ನಾಲ್ಕು ಸಣ್ಣ ದಳಗಳಾಗಿ ಮಾಡಿ, ಪ್ರತಿ ದಳದ ಹೊಣೆಯನ್ನು ಅವರಲ್ಲೇ ಒಬ್ಬ ಹುಡುಗನಿಗೆ ವಹಿಸಿದ. ಹೊಣೆ ನಿಜವಾದದ್ದಾಗಿರಬೇಕು, ದಳ ಸಣ್ಣದಾಗಿರಬೇಕು: ಯುವ ಶಿಬಿರಗಳು ಇಂದಿಗೂ ನೆಚ್ಚಿಕೊಂಡಿರುವುದು ಇದನ್ನೇ. ತಾವು ಈ ವಾರದಿಂದಲೇ ನಾಲ್ವರ ಮೂರು ದಳಗಳನ್ನು ಮಾಡಿ, ಪ್ರತಿ ಭೇಟಿಯ ಸಮಯಪಾಲನೆ, ಸಾಮಗ್ರಿ, ಕೊನೆಯ ಶುಚಿಗೆಲಸ ಇವನ್ನೆಲ್ಲ ಸರದಿಯಂತೆ ಅವರಿಗೇ ಬಿಟ್ಟುಬಿಡಿ. ಯಾರಾದರೂ ಮರೆತರೆ ತಾವು ಓಡಿಹೋಗಿ ಸರಿಪಡಿಸಬೇಡಿ. ನಮ್ಮಂಥವರಿಗೆ ಅತ್ಯಂತ ಕಷ್ಟವಾದದ್ದು ಇದೇ.

ಆ ಮೌನಿ ಹುಡುಗಿಯ ಬಗ್ಗೆ. ಭಾಷಣ ಕಲಿಸಬೇಡಿ. ತಾಯಿಯ ಕಳಕಳಿ ಅರ್ಥವಾಗುತ್ತದೆ. ಆದರೆ ಆರು ವಾರ ಭಾಷಣದ ತಾಲೀಮು ನಡೆಸಿದರೆ ಅವಳಿಗೆ ಮನದಟ್ಟಾಗುವುದು "ನಾನಿರುವ ರೀತಿಯೇ ಸರಿಯಿಲ್ಲ" ಎಂಬುದೊಂದೇ. ನಾಯಕತ್ವವೆಂದರೆ ಗಟ್ಟಿ ದನಿ ಎಂದು ತಿಳಿದವರು ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಅವರ ಸಹೋದ್ಯೋಗಿಗಳು 1939ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಬೇಕು. ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳಲ್ಲಿ ಕೆಲವಕ್ಕೆ ಆಜ್ಞೆ ಮಾಡುವ ಹಿರಿಯ, ಕೆಲವಕ್ಕೆ ಎಲ್ಲರೊಡನೆ ಚರ್ಚಿಸಿ ನಿರ್ಧರಿಸುವ ಹಿರಿಯ, ಕೆಲವಕ್ಕೆ ಏನನ್ನೂ ಹೇಳದೆ ಸುಮ್ಮನಿರುವ ಹಿರಿಯ. ಆಜ್ಞೆಯ ಗುಂಪಿನಲ್ಲಿ ಕೆಲಸವೇನೋ ಸಾಗುತ್ತಿತ್ತು, ಆದರೆ ಹಿರಿಯ ಕೋಣೆಯಿಂದ ಹೊರಗೆ ಹೋದೊಡನೆ ಕುಸಿಯುತ್ತಿತ್ತು. ಚರ್ಚೆಯ ಗುಂಪು ಮಾತ್ರ ತನ್ನ ಪಾಡಿಗೆ ಕೆಲಸ ಮುಂದುವರಿಸುತ್ತಿತ್ತು.

ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಡೇರೆ ಹಾಕುವ ಸ್ಪರ್ಧೆಯಲ್ಲಿ ಆರು ಮಂದಿಯ ದಳವೊಂದು ಹಗ್ಗ ಎಳೆಯುತ್ತಾ ಕೂಗಾಡುತ್ತಿತ್ತು. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು "ಗೂಟ ಡೇರೆಯ ಕಡೆಗೆ ವಾಲಿದೆ, ಅದಕ್ಕೇ ಕಿತ್ತು ಬರುತ್ತಿದೆ" ಎಂದು ಎರಡು ಸಲ ಮೆಲ್ಲಗೆ ಹೇಳಿದಳು. ಯಾರೂ ಕೇಳಲಿಲ್ಲ. ಮೂರನೆಯ ಸಲ ಅವಳು ಮಾತನಾಡದೆ ಹೋಗಿ ಆ ಗೂಟವನ್ನು ಕಿತ್ತು, ಹೊರಕ್ಕೆ ವಾಲುವಂತೆ ಬಡಿದು, ಹಗ್ಗವನ್ನು ಕೂಗುತ್ತಿದ್ದವನ ಕೈಗೇ ಕೊಟ್ಟು "ಈಗ ಎಳೆ" ಎಂದಳು. ಡೇರೆ ನಿಂತಿತು. ತಮ್ಮ ಹುಡುಗಿಗೆ ಬೇಕಾದದ್ದು ಆ "ಈಗ ಎಳೆ" ಎಂಬ ಒಂದು ಮಾತು. ನಾಲ್ವರ ದಳದಲ್ಲಿ ಅವಳು ಅದನ್ನು ಆಡಬಲ್ಲಳು; ಜೊತೆಗೆ ದನಿ ದೊಡ್ಡದಿರುವ ಹುಡುಗರಿಗೆ "ಇನ್ನೂ ಮಾತನಾಡದವರು ಯಾರು?" ಎಂದು ಕೇಳುವ ರೂಢಿ ಮಾಡಿಸಿ. ತರಬೇತಿ ಬೇಕಾದದ್ದು ಅವರಿಗೇ ಹೆಚ್ಚು.

ಇನ್ನೊಂದು ವಿಷಯವನ್ನು ಮಕ್ಕಳಿಗೆ ಮೊದಲೇ ತಿಳಿಸಿಟ್ಟರೆ ಉಪಕಾರ. ಗುಂಪುಗಳು ಮೊದಲು ಸೇರುತ್ತವೆ, ಆಮೇಲೆ ಕಚ್ಚಾಡುತ್ತವೆ, ಬಳಿಕ ಹೊಂದಿಕೊಂಡು ಕೊನೆಗೆ ಕೆಲಸ ಮಾಡುತ್ತವೆ ಎಂದು ಮನೋವಿಜ್ಞಾನಿ ಬ್ರೂಸ್ ಟಕ್‌ಮನ್ 1965ರಲ್ಲಿ ಗುರುತಿಸಿದ್ದರು. ವಾರದ ಶಿಬಿರದಲ್ಲಿ ಕಚ್ಚಾಟ ಸಾಮಾನ್ಯವಾಗಿ ಮೂರನೆಯ ದಿನ ತಲೆಯೆತ್ತುತ್ತದೆ. ಅದು ಬರುತ್ತದೆಂದು ಗೊತ್ತಿದ್ದವರು ಜಗಳವನ್ನು ಜಗಳವಾಗಿ ನೋಡುತ್ತಾರೆ. ಗೊತ್ತಿಲ್ಲದವರು "ನನ್ನ ದಳವೇ ಕೆಟ್ಟದ್ದು" ಎಂದು ಕೈಚೆಲ್ಲುತ್ತಾರೆ.

ಉತ್ತರ 4 (ಹಳೆಯ ಶಿಬಿರಾರ್ಥಿ)

ನನಗೀಗ 19 ವರ್ಷ, 15ರಲ್ಲಿ ಇಂಥದೇ ಶಿಬಿರಕ್ಕೆ ಹೋಗಿದ್ದೆ. ಮೊಬೈಲ್ ಬಗ್ಗೆ ಅಷ್ಟು ಗಾಬರಿ ಬೇಡ. ಎರಡನೆಯ ದಿನದ ಹೊತ್ತಿಗೆ ಬರಿದಾದ ಜೇಬನ್ನು ತಡವುವುದು ನಿಲ್ಲುತ್ತದೆ. ಕೈಗಡಿಯಾರ ಮಾತ್ರ ಮರೆಯದೆ ಕಳುಹಿಸಿ. ನಮ್ಮ ದಳದ ಯಾರ ಬಳಿಯೂ ಗಡಿಯಾರವಿಲ್ಲದೆ ಎಲ್ಲ ಕಡೆಗೂ ತಡವಾಗಿ ಹೋಗುತ್ತಿದ್ದೆವು.

ನನ್ನನ್ನು ಯಾರೂ ಸಿದ್ಧಗೊಳಿಸದೆ ಬಿಟ್ಟದ್ದು ಹಿಂತಿರುಗಿದ ಮೇಲಿನ ದಿನಗಳಿಗೆ. ಶಿಬಿರದ ಕೊನೆಯ ರಾತ್ರಿ ಎಲ್ಲರೂ ಅತ್ತಿದ್ದೆವು, ಜಗತ್ತನ್ನೇ ಬದಲಾಯಿಸುತ್ತೇವೆಂದು ಮಾತು ಕೊಟ್ಟಿದ್ದೆವು. ಮನೆಗೆ ಬಂದರೆ ಎಲ್ಲವೂ ಇದ್ದ ಹಾಗೆಯೇ ಇತ್ತು, ನಾನು ಮಾತ್ರ ಗೆಳೆಯರಿಗೆ ಬುದ್ಧಿ ಹೇಳಲು ಹೊರಟು ಒಂದೇ ವಾರದಲ್ಲಿ ಎಲ್ಲರಿಗೂ ಬೇಡವಾದೆ. ಬಂದ ಮೇಲೆ ಮಾಡಲು ಒಂದು ಚಿಕ್ಕ, ಖಚಿತವಾದ ಕೆಲಸವಿದ್ದಿದ್ದರೆ ಆ ಹುರುಪು ಅದರೊಳಗೆ ಹೋಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆಯ ಭೇಟಿಯಲ್ಲಿ ಮೂರು ದಳಗಳನ್ನು ಮಾಡಿದೆ. ಚೀಲದ ಕತ್ತಲೆ ಪರೀಕ್ಷೆ ಮೂರನೆಯ ವಾರಕ್ಕೆ. ಭರವಸೆಯ ಮಾತನ್ನು ಪೋಷಕರ ಮುಂದಿಟ್ಟಾಗ ಇಬ್ಬರು, ತಾವು ಆಗಲೇ ಕೊಟ್ಟಾಗಿದೆ ಎಂದು ಒಪ್ಪಿಕೊಂಡರು. ಕೊಟ್ಟ ಮಾತನ್ನು ಸದ್ದಿಲ್ಲದೆ ಮುರಿಯುವುದಕ್ಕಿಂತ, "ಅವಸರದಲ್ಲಿ ಹೇಳಿದೆ, ನಿನ್ನಿಂದಾಗುತ್ತದೆ ಎಂದು ನನಗೆ ನಂಬಿಕೆಯಿದೆ" ಎಂದು ಮಗುವಿಗೆ ನೇರವಾಗಿಯೇ ಹೇಳುವುದೆಂದು ನಿಶ್ಚಯಿಸಿದ್ದೇವೆ. ತುರ್ತು ಕರೆಯ ಬಗ್ಗೆ ಸಂಯೋಜಕರಿಗೆ ಬರೆದಿದ್ದೇನೆ, ಉತ್ತರ ಬರಬೇಕಿದೆ.

ಹಿಂತಿರುಗಿದ ಮೇಲಿನ ಕೆಲಸದ ಯೋಚನೆ ನನ್ನ ತಲೆಗೇ ಬಂದಿರಲಿಲ್ಲ. ಮುಂದಿನ ವರ್ಷದ ಕಿರಿಯರ ಭೇಟಿಗಳಲ್ಲಿ ಮೊದಲ ಮೂರನ್ನು ಈ 12 ಮಂದಿಯೇ ನಡೆಸಲಿ ಎಂದು ಸೂಚಿಸಿದೆ. ಸಾಮಗ್ರಿಗಳ ಪಟ್ಟಿ ಯಾರು ಬರೆದಿಡುತ್ತೀರಿ ಎಂದು ಕೇಳಿದಾಗ ಒಂದು ಕ್ಷಣ ಎಲ್ಲರೂ ಮುಖ ಮುಖ ನೋಡಿಕೊಂಡರು. ಆ ಹುಡುಗಿ ಏನೂ ಹೇಳದೆ ಪೆನ್ನು ತೆಗೆದುಕೊಂಡಳು.