ಸೆಂಟರ್ ಲಾಕ್ ಗಾಲಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಟೈರ್ ಮತ್ತು ವೀಲ್ ಅಲೈನ್‌ಮೆಂಟ್ ಅಂಗಡಿ ನಡೆಸುತ್ತೇನೆ. ಎರಡು ವಾರದಿಂದ ಒಂದು ಪದ ತಲೆಯಲ್ಲಿ ಕೂತಿದೆ, ಏಳುತ್ತಿಲ್ಲ. ನಿಮ್ಮನ್ನು ಕೇಳೋಣ ಎಂದು ಬರೆಯುತ್ತಿದ್ದೇನೆ.

ಆದದ್ದಿಷ್ಟು. ನಮ್ಮೂರಿನ ಹುಡುಗನೊಬ್ಬ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನ ಅಪ್ಪನ ಕಾರಿಗೆ ಮೊದಲಿಂದಲೂ ನಾನೇ ಟೈರ್ ಹಾಕುತ್ತಾ ಬಂದವನು. ಹುಡುಗ ಈಗ ಸೆಕೆಂಡ್ ಹ್ಯಾಂಡ್ ಪೋರ್ಷೆ ಕೊಳ್ಳಬೇಕು ಎಂದಿದ್ದಾನೆ. ಎರಡು ಕಾರು ನೋಡಿಟ್ಟಿದ್ದಾನೆ. ಒಂದು 911 ಜಿಟಿ3, ಇನ್ನೊಂದು 718 ಕೇಮನ್ ಜಿಟಿ4. ಮೊದಲನೆಯದಕ್ಕೆ ಸೆಂಟರ್ ಲಾಕ್ ಗಾಲಿ, ಅಂದರೆ ನಡುವೆ ಒಂದೇ ದೊಡ್ಡ ನಟ್ಟಿನಿಂದ ಕೂರುವುದು. ಎರಡನೆಯದಕ್ಕೆ ಐದು ಬೋಲ್ಟಿನ ಗಾಲಿ. "ಮಾಮಾ, ಗಾಲಿ ಲೆಕ್ಕದಲ್ಲಿ ಯಾವುದು ಒಳ್ಳೇದು? ಅಪ್ಪನಿಗೂ ಗೊತ್ತಾಗೋ ಹಾಗೆ ಕನ್ನಡದಲ್ಲಿ ಬರೆದು ಕಳಿಸಿ" ಅಂದ. ಬರೆದು ಕಳಿಸಿದೆ.

ಮಾರನೇ ದಿನ ಅಪ್ಪನ ಫೋನ್ ಬಂತು. "ಸೆಂಟರ್ ಲಾಕ್ ಇರೋದನ್ನೇ ತಗೊಳ್ಳಲಿ ಬಿಡಪ್ಪ. ನನ್ನ ಕಾರಿಗೇ ಇದೆ, ಇಷ್ಟು ದೊಡ್ಡ ಕಾರಿಗೆ ಇಲ್ಲ ಅಂದರೆ ಹೇಗೆ?" ಅಂದರು. ನಾನು ಎರಡು ಪುಟ ಬರೆದದ್ದು ಗಾಲಿಯ ಬಗ್ಗೆ. ಅವರು ಓದಿಕೊಂಡದ್ದು ಬಾಗಿಲಿನ ಬಗ್ಗೆ! ತಪ್ಪು ಅವರದಲ್ಲ. ನಮ್ಮ ಕಡೆ ಸೆಂಟರ್ ಲಾಕ್ ಅಂದರೆ ರಿಮೋಟ್ ಒತ್ತಿದಾಗ ನಾಲ್ಕೂ ಬಾಗಿಲಿಗೆ ಒಟ್ಟಿಗೆ ಲಾಕ್ ಬೀಳುತ್ತಲ್ಲ, ಅದೇ. ಆ ಮಾತು ಆಗಲೇ ಬೇರೆ ಕೆಲಸಕ್ಕೆ ಸೇರಿಕೊಂಡಿದೆ. ಅದನ್ನು ಅಲ್ಲಿಂದ ಬಿಡಿಸಿ ಗಾಲಿಗೆ ತರಲು ಆಗುವುದಿಲ್ಲ.

ಹಾಗಾಗಿ ಬೇರೆ ಮಾತು ಬೇಕು. ಅದಕ್ಕೂ ಮುಂಚೆ ವಸ್ತು ಏನು ಎಂದು ಹೇಳಿಬಿಡುತ್ತೇನೆ.

ನಮ್ಮ ನಿಮ್ಮ ಕಾರಿನ ಗಾಲಿ ಹಬ್ಬಿಗೆ, ಅಂದರೆ ಅಚ್ಚಿನ ತುದಿಯ ತಿರುಗುವ ಭಾಗಕ್ಕೆ, ನಾಲ್ಕೋ ಐದೋ ನಟ್ಟಿನಿಂದ ಕೂತಿರುತ್ತದೆ. ಸೆಂಟರ್ ಲಾಕ್ ಗಾಲಿಯಲ್ಲಿ ನಟ್ಟು ಒಂದೇ, ನಟ್ಟನಡುವೆ, ಅಂಗೈಯಷ್ಟು ಅಗಲ. ರೇಸಿನಲ್ಲಿ ಇದರ ಲಾಭ ಕಣ್ಣಿಗೆ ಕಾಣುತ್ತದೆ. 2023ರಲ್ಲಿ ಕತಾರ್‌ನ ಫಾರ್ಮುಲಾ ಒನ್ ರೇಸಿನಲ್ಲಿ ಮೆಕ್ಲಾರೆನ್ ತಂಡದವರು ನಾಲ್ಕು ಗಾಲಿಯನ್ನೂ 1.80 ಸೆಕೆಂಡಿನಲ್ಲಿ ಬದಲಿಸಿದರು. ಐದೈದು ನಟ್ಟು ಬಿಚ್ಚುತ್ತಾ ಕೂತರೆ ಅದು ಸಾಧ್ಯವೇ ಇಲ್ಲ. ಅಮೆರಿಕದ ನ್ಯಾಸ್ಕಾರ್ ಕಪ್ ರೇಸಿನವರು ಬಹಳ ವರ್ಷ ಐದು ನಟ್ಟಿನಲ್ಲೇ ಇದ್ದರು. ಅವರೂ 2022ರಲ್ಲಿ ಒಂದೇ ನಟ್ಟಿಗೆ ಬಂದರು. ಪೋರ್ಷೆಯವರು 2009ರಲ್ಲಿ ಬಂದ 911 ಜಿಟಿ3ಗೆ ಇದನ್ನು ಹಾಕಿದರು. ಅದಕ್ಕೂ ಹಿಂದಿನ ಜಿಟಿ3ಗಳಿಗೆ ಐದು ಬೋಲ್ಟೇ.

ಈಗ ಪದಕ್ಕೆ ಬರುತ್ತೇನೆ.

ಮೊದಲು ಹೊಳೆದದ್ದು ನಡುಬೀಗ. ಬರೆದೆ, ಅಳಿಸಿದೆ. ಬೀಗ ಅಂದಕೂಡಲೇ ಕಳ್ಳತನದ ಯೋಚನೆ ಬರುತ್ತದೆ. ಅಲಾಯ್ ಗಾಲಿ ಕದಿಯಬಾರದು ಎಂದು ಒಂದು ನಟ್ಟಿಗೆ ಬೇರೆ ಥರದ ತಲೆ ಕೊಟ್ಟಿರುತ್ತಾರೆ, ಅದನ್ನು ಈಗಾಗಲೇ ವೀಲ್ ಲಾಕ್ ಎನ್ನುತ್ತಾರೆ. ಇನ್ನು ಗ್ಯಾರೇಜಿನಲ್ಲಿ ಗಾಲಿ ಲಾಕ್ ಆಗಿದೆ ಎಂದರೆ ಬ್ರೇಕ್ ಹಿಡಿದುಕೊಂಡಿದೆ, ತಿರುಗುತ್ತಿಲ್ಲ ಎಂದರ್ಥ. ಒಂದು ಲಾಕಿಗೆ ಮೂರು ಅರ್ಥ. ನಾಲ್ಕನೆಯದು ಬೇಡ.

ಇನ್ನೊಂದು ತೊಡಕು ಗಾಲಿ ಎಂಬ ಪದದಲ್ಲೇ ಇದೆ. ನಮ್ಮ ಅಂಗಡಿಯಲ್ಲಿ ಇಬ್ಬರು ಹುಡುಗರು ಗುಂತಕಲ್ಲಿನ ಕಡೆಯವರು. ತೆಲುಗಿನಲ್ಲಿ ಗಾಲಿ ಅಂದರೆ ನಮ್ಮ ಗಾಳಿ. ಹೊಸದರಲ್ಲಿ "ಹಿಂದಿನ ಗಾಲಿ ನೋಡು" ಎಂದರೆ ಗೇಜು ತಗೊಂಡು ಹೋಗಿ ಗಾಳಿ ಎಷ್ಟಿದೆ ಎಂದು ನೋಡಿ ಬರುತ್ತಿದ್ದರು. ಈಗ ಅಭ್ಯಾಸ ಆಗಿದೆ. ಆದರೂ ಚಕ್ರ ಎಂದರೆ ಇಬ್ಬರಿಗೂ ಒಂದೇ. ಬರವಣಿಗೆಯಲ್ಲಿ ಯಾವುದು ಇಟ್ಟುಕೊಳ್ಳಲಿ ಎಂದು ನನಗೇ ತೀರ್ಮಾನವಾಗಿಲ್ಲ. ಬಾಯಿಗೆ ಬರುವುದು ಗಾಲಿ. ಇಲ್ಲಿ ಅದನ್ನೇ ಬಳಸಿದ್ದೇನೆ.

ಐದು ಬೋಲ್ಟಿನದಕ್ಕೆ ಏನನ್ನೋಣ? ಒಂದು ಕಡೆ ಸಾಂಪ್ರದಾಯಿಕ ಚಕ್ರ ಎಂದು ಬರೆದದ್ದನ್ನು ಓದಿದೆ. ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಸಂಪ್ರದಾಯದ ಗಾಲಿ ಯಾವುದು? ಬಂಡಿಯ ಗಾಲಿ. ಅದಕ್ಕೆ ಐದು ಬೋಲ್ಟು ಎಲ್ಲಿತ್ತು? ಅಚ್ಚಿನ ತುದಿಯಲ್ಲಿ, ಗಾಲಿ ಜಾರದಂತೆ ತಡೆಯುವ ಒಂದೇ ಒಂದು ಕಡೆಗೀಲು. ಅಂದರೆ ನಡುವೆ ಒಂದೇ ಕಡೆ ಹಿಡಿತ ಇರುವುದೇ ಹಳೆಯದು, ಐದು ಬೋಲ್ಟು ಆಮೇಲೆ ಬಂದದ್ದು. ಕಾರಿನ ಲೋಕದಲ್ಲೂ ಒಂಟಿ ನಟ್ಟು ಹೊಸದೇನಲ್ಲ. ಇಂಗ್ಲೆಂಡಿನ ರಡ್ಜ್ ವಿಟ್‌ವರ್ತ್ ಕಂಪನಿಯವರು ನೂರು ವರ್ಷಕ್ಕೂ ಹಿಂದೆಯೇ ತಂತಿ ಕಡ್ಡಿಯ ಗಾಲಿಗೆ ಇದನ್ನು ಮಾಡಿದ್ದರು. ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರುಗಳ ಗಾಲಿ ನಡುವೆ ರೆಕ್ಕೆ ಇರುವ ನಟ್ಟು ನೋಡಿರಬಹುದು. ತಾಮ್ರದ ಸುತ್ತಿಗೆಯಲ್ಲಿ ಆ ರೆಕ್ಕೆಗೆ ಹೊಡೆದು ಬಿಗಿ ಮಾಡುವುದು, ಹೊಡೆದೇ ಬಿಚ್ಚುವುದು. ಬಲಗಡೆ ಗಾಲಿಗಳಿಗೆ ಉಲ್ಟಾ ತ್ರೆಡ್ (ಎಡಕ್ಕೆ ತಿರುಗಿಸಿದರೆ ಬಿಗಿ), ಓಡುವಾಗ ತಾನಾಗಿ ಸಡಿಲ ಆಗದಿರಲಿ ಎಂದು. ಹೊರಗೆ ಚಾಚಿದ ಆ ರೆಕ್ಕೆ ಜನಕ್ಕೆ ತಗುಲುತ್ತದೆ ಎಂದು ಅಮೆರಿಕದಲ್ಲಿ 1968ರಿಂದ ಅದನ್ನು ನಿಲ್ಲಿಸಿದರು.

ಕಡೆಗೀಲು ಎಂದೆನಲ್ಲ, ಅದೇ ನನ್ನ ಮುಖ್ಯ ಪ್ರಶ್ನೆ.

ಕುರುಗೋಡಿನ ಹತ್ತಿರ ನಮ್ಮ ಅಜ್ಜನ ಬಂಡಿ ಇತ್ತು. ಗಾಲಿಗೆ ಕೀಲೆಣ್ಣೆ ಹಚ್ಚುವ ದಿನ ನನ್ನ ಕೆಲಸ ಒಂದೇ, ಕಡೆಗೀಲು ಹಿಡಿದು ನಿಲ್ಲುವುದು. ಗೇಣುದ್ದದ ಕಬ್ಬಿಣ, ಮೇಲೆ ಬಾಗಿದ ತಲೆ, ತಲೆಗೆ ಒಂದು ತೂತು, ತೂತಿಗೆ ಚರ್ಮದ ದಾರ. ಅಜ್ಜ ಗಾಲಿಯನ್ನು ಅರ್ಧ ಹೊರಗೆಳೆದು, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದನ್ನು ಅಚ್ಚಿಗೆ ಬಳಿದು, ಮತ್ತೆ ತಳ್ಳಿ, ನನ್ನ ಕಡೆ ಕೈ ಚಾಚುತ್ತಿದ್ದರು. ಕೀಲು ಒಳಗೆ ಇಳಿದಮೇಲೆ ದಾರವನ್ನು ಗಂಟು ಹಾಕಿ ಎರಡು ಸಲ ಜಗ್ಗಿ ನೋಡುತ್ತಿದ್ದರು. ಕೈಗೆ ಹತ್ತಿದ ಆ ಕರಿ ಮೂರು ದಿನ ಹೋಗುತ್ತಿರಲಿಲ್ಲ. ಪೋರ್ಷೆಯ ಆ ದೊಡ್ಡ ನಟ್ಟಿನ ತ್ರೆಡ್ಡಿಗೂ ಗ್ರೀಸಿನಂಥ ಪೇಸ್ಟು ಹಚ್ಚಿಯೇ ಬಿಗಿ ಮಾಡಬೇಕು. ಅದನ್ನು ಓದಿದಾಗ ನೆನಪಾದದ್ದು ಕೀಲೆಣ್ಣೆಯೇ.

ಕೆಲವರು ಇದನ್ನೇ ಕಡಾಣಿ ಎನ್ನುತ್ತಾರೆ. ಕಡೆಯ ಆಣಿ, ಕಡೆಯ ಕೀಲು, ಎರಡೂ ಒಂದೇ. ಪದ ಹಳೆಯದು. ಜೇಡರ ದಾಸಿಮಯ್ಯನ ವಚನದಲ್ಲೇ ಇದೆ. ಕಡೆಗೀಲಿಲ್ಲದ ಬಂಡಿ ಬೀಳದೆ ಇದ್ದೀತೇ ಎಂದು ಕೇಳಿ, ಬಂಡಿಗೆ ಅದೇ ಆಧಾರ ಎನ್ನುತ್ತಾನೆ. ಇನ್ನೊಂದು ನೋಡಿ. ನಮ್ಮ ಕಡೆ ಬೀಗಕ್ಕೇ ಕೀಲಿ ಎನ್ನುತ್ತೇವೆ. ಬಾಗಿಲಿಗೆ ಕೀಲಿ ಹಾಕು, ಕೀಲಿಕೈ ತಗೊಂಡು ಬಾ. ಅಂದಮೇಲೆ ಲಾಕು, ಕೀಲಿ, ಕೀಲು ಒಂದಕ್ಕೊಂದು ದೂರವಿಲ್ಲ. ಸೆಂಟರ್ ಲಾಕಿಗೆ ಕಡೆಗೀಲು ಎಂದುಬಿಟ್ಟರೆ ಆಯಿತಲ್ಲ ಎಂದು ಖುಷಿಯಾಗಿ ಒಂದು ದಿನ ಇದ್ದೆ.

ಆಮೇಲೆ ಸರಿ ಅನಿಸಲಿಲ್ಲ. ಯಾಕೆಂದರೆ ಎರಡೂ ಮಾಡುವ ಕೆಲಸ ಬೇರೆ. ಬಂಡಿಯ ಗಾಲಿ ಅಚ್ಚಿನ ಮೇಲೆ ಸಡಿಲವಾಗಿ ತಿರುಗುತ್ತದೆ. ಕಡೆಗೀಲು ಅದನ್ನು ಅದುಮಿ ಹಿಡಿಯುವುದಿಲ್ಲ, ಹೊರಗೆ ಜಾರದಂತೆ ಅಡ್ಡ ನಿಲ್ಲುತ್ತದೆ, ಅಷ್ಟೇ. ಕಾರಿನ ನಟ್ಟು ಹಾಗಲ್ಲ. ಗಾಲಿಯನ್ನು ಹಬ್ಬಿಗೆ ಒತ್ತಿ, ಎರಡೂ ಒಂದೇ ತುಂಡು ಅನ್ನುವಷ್ಟು ಬಿಗಿಯಾಗಿ ಹಿಡಿಯಬೇಕು. ಐದು ಬೋಲ್ಟಿದ್ದರೆ ಆ ಕೆಲಸ ಐದು ಕಡೆ ಹಂಚಿಹೋಗುತ್ತದೆ. ಕೇಮನ್ ಜಿಟಿ4ರ ಒಂದೊಂದು ಬೋಲ್ಟಿಗೆ 160 ನ್ಯೂಟನ್ ಮೀಟರ್ ಬಿಗಿ ಸಾಕು. ಜಿಟಿ3ರ ಒಂಟಿ ನಟ್ಟಿಗೆ 600 ಬೇಕು. ಒಂದು ಮೀಟರ್ ಉದ್ದದ ಪಾನಾ ಹಾಕಿ ಅದರ ತುದಿಗೆ 60 ಕಿಲೋ ತೂಗುವ ಆಳು ಜೋತುಬಿದ್ದ ಹಾಗೆ. ಒಬ್ಬರು ಒಳಗೆ ಕೂತು ಬ್ರೇಕ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಬಿಗಿ ಮಾಡಬೇಕು. ನಮ್ಮ ಅಂಗಡಿಯ ಟಾರ್ಕ್ ರೆಂಚ್ (ಬಿಗಿ ಅಳೆಯುವ ಪಾನಾ) ಅಷ್ಟು ದೂರ ಹೋಗುವುದೇ ಇಲ್ಲ.

ಹಾಗಾದರೆ ಕಡೆಗೀಲು ಎಲ್ಲಿದೆ? ಅದೂ ಇದೆ! ಆ ನಟ್ಟಿನ ಒಳಗೆ ಸ್ಪ್ರಿಂಗಿನ ಮೇಲೆ ಕೂತ ಒಂದು ಹಲ್ಲಿನ ತುಂಡು ಇರುತ್ತದೆ. ಅದಕ್ಕೆಂದೇ ಮಾಡಿದ ಸಾಕೆಟ್ (ನಟ್ಟಿನ ಮೇಲೆ ಕೂರುವ ಪಾನಾದ ತಲೆ) ಒತ್ತಿದಾಗ ಅದು ಒಳಗೆ ಹೋಗುತ್ತದೆ, ಆಗ ಮಾತ್ರ ನಟ್ಟು ತಿರುಗುತ್ತದೆ. ಸಾಕೆಟ್ ತೆಗೆದಕೂಡಲೇ ಹೊರಗೆ ಬಂದು ನಟ್ಟನ್ನು ಕಚ್ಚಿಕೊಳ್ಳುತ್ತದೆ. ಅದು ಪೂರ್ತಿ ಹೊರಗೆ ಬಂದಿದೆಯಾ ಎಂದು ಕಣ್ಣಿಟ್ಟು ನೋಡದೆ ಗಾಡಿ ಬಿಡಬಾರದು. ಫಾರ್ಮುಲಾ ಒನ್ ಕಾರುಗಳಲ್ಲೂ ನಟ್ಟು ಸಡಿಲವಾದರೂ ಗಾಲಿ ಕಳಚಿ ಹೋಗದಂತೆ ಅಚ್ಚಿನ ತುದಿಯಲ್ಲಿ ತಡೆ ಇರಬೇಕೆಂಬ ನಿಯಮವಿದೆ. ಬಿಗಿ ಹಿಡಿಯುವುದು ಅದರ ಕೆಲಸವಲ್ಲ. ಕಳಚದಂತೆ ಅಡ್ಡ ನಿಲ್ಲುವುದು. ಅಜ್ಜ ದಾರ ಜಗ್ಗಿ ನೋಡುತ್ತಿದ್ದದ್ದೂ ಅದಕ್ಕೇ. ನನ್ನ ಪ್ರಕಾರ ಕಡೆಗೀಲು ಎಂಬ ಹೆಸರು ಸಲ್ಲಬೇಕಾದದ್ದು ಈ ಚಿಕ್ಕ ತುಂಡಿಗೆ, ಆ ದೊಡ್ಡ ನಟ್ಟಿಗಲ್ಲ.

ಹುಡುಗನಿಗೆ ಎರಡನೇ ಸಲ ಬರೆದಾಗ ಹೀಗೆ ಇಟ್ಟೆ: ಒಂಟಿ ನಟ್ಟಿನ ಗಾಲಿ, ಐದು ಬೋಲ್ಟಿನ ಗಾಲಿ, ಒಂಟಿ ನಟ್ಟಿನ ಒಳಗಿನ ಕಡೆಗೀಲು. ಈ ಸಲ ಅವನ ಅಪ್ಪನಿಗೆ ಒಂದೇ ಓದಿಗೆ ಅರ್ಥವಾಯಿತು. "ಹಾಗಾದರೆ ಬಳ್ಳಾರಿಗೆ ಬರುವಾಗ ಹಿರಿಯೂರಿನ ಹತ್ತಿರ ಟೈರ್ ಹೋದರೆ ಯಾರು ಬಿಚ್ಚುತ್ತಾರೆ?" ಎಂದು ಅವರೇ ಕೇಳಿದರು. ಅದೇ ಸರಿಯಾದ ಪ್ರಶ್ನೆ. ಎರಡು ಕಾರಿಗೂ ಸ್ಟೆಪ್ನಿ ಇಲ್ಲ. ಆದರೆ ಐದು ಬೋಲ್ಟಿನದಾದರೆ ಹೆದ್ದಾರಿಯ ಒಳ್ಳೆಯ ಟೈರ್ ಅಂಗಡಿಯವನು ಬಿಚ್ಚಿ ಪ್ಯಾಚ್ ಹಾಕಿಕೊಡುತ್ತಾನೆ. ಒಂಟಿ ನಟ್ಟಿನದಾದರೆ ಅದರ ಸಾಕೆಟ್ಟೂ ಉದ್ದ ಪಾನಾವೂ ಕಾರಿನ ಜೊತೆಗೇ ಇರಬೇಕು, ಇಲ್ಲವೇ ಕಾರನ್ನೇ ಲಾರಿ ಮೇಲೆ ಬೆಂಗಳೂರಿಗೆ ಹೊರಿಸಬೇಕು. ರೇಸ್ ಟ್ರ್ಯಾಕಿಗೆ ಹೋಗದವನಿಗೆ ಐದು ಬೋಲ್ಟಿನದೇ ಸರಿ ಎಂದು ಹೇಳಿದ್ದೇನೆ. ಹುಡುಗನ ಆಸೆ ಜಿಟಿ3ರ ಮೇಲಿದೆ, ನೋಡೋಣ.

ಸ್ಟೆಪ್ನಿ ಎಂದೆ. ವೇಲ್ಸ್ ದೇಶದ ಲ್ಯಾನೆಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಶುರುವಾದ ಹೆಚ್ಚುವರಿ ಗಾಲಿಯ ಹೆಸರು ಅದು. ಈಗ ನಮ್ಮ ಸಂಡೂರಿನ ಅದಿರು ಲಾರಿ ಡ್ರೈವರನ ಬಾಯಲ್ಲಿ ಕನ್ನಡದ ಪದ. ಹೊರಗಿನ ಪದ ಬೇಡವೇ ಬೇಡ ಎನ್ನುವವನು ನಾನಲ್ಲ. ನಟ್ಟು, ಬೋಲ್ಟು, ಹಬ್ಬು ಇವೆಲ್ಲ ನಮ್ಮವೇ. ಆದರೆ ಸೆಂಟರ್ ಲಾಕ್ ಬಂದಾಗ ಜಾಗ ಖಾಲಿ ಇರಲಿಲ್ಲ. ಮತ್ತೆ, ಒಳಗಿನ ಆ ತುಂಡಿಗೆ ಒಪ್ಪುವ ಪದ ನಮ್ಮ ಬಂಡಿಯಲ್ಲೇ ಇರುವಾಗ ಅದನ್ನು ಸುಮ್ನೆ ಬಿಟ್ಟುಬಿಡುವುದು ನನಗೆ ಕಷ್ಟ.

ಈಗ ನಿಮ್ಮಿಂದ ಬೇಕಾದದ್ದು. ನಿಮ್ಮ ಊರಲ್ಲಿ ಕಡೆಗೀಲಿಗೆ ಏನೆನ್ನುತ್ತಾರೆ? ಲಿಂಗಸುಗೂರು, ಸಿಂಧನೂರು, ಕುಷ್ಟಗಿ ಕಡೆಯವರು ದಯವಿಟ್ಟು ಬರೆಯಿರಿ. ಕೊಪ್ಪಳದ ಗವಿಮಠದ ತೇರಿನಂಥ ದೊಡ್ಡ ತೇರುಗಳ ಗಾಲಿ ಕೂರಿಸುವವರನ್ನು ಬಲ್ಲವರು ಇದ್ದರೆ ಇನ್ನೂ ಒಳ್ಳೆಯದು. ಅವರು ಅಚ್ಚಿನ ತುದಿಯ ಆ ಕಬ್ಬಿಣಕ್ಕೆ ಏನೆನ್ನುತ್ತಾರೆ? ಕೀಲಿನ ತಲೆಗೆ ಕಟ್ಟುವ ಆ ಚರ್ಮದ ದಾರಕ್ಕೆ ಬೇರೆ ಹೆಸರಿತ್ತೇ? ಅಜ್ಜ ಏನೋ ಒಂದು ಪದ ಹೇಳುತ್ತಿದ್ದರು. ನನಗೆ ಈಗ ನೆನಪಿಗೆ ಬರುತ್ತಿಲ್ಲ.